ರೋಗಿಗಳನ್ನು ಸಂಶೋಧನೆಯ ಪಾಲುದಾರರಾಗಿ ಮಾಡಿಕೊಳ್ಳುವುದು ಹೇಗೆ: ಮೊದಲ ಫೋನಿನಿಂದ ಕೊನೆಯ ವರದಿಯವರೆಗೆ

"ರೋಗಿಗಳ ಪ್ರತಿನಿಧಿ ಇರಲೇಬೇಕು ಅಂತ ಅನುದಾನ ಕೊಡೋರು ಕೇಳ್ತಿದ್ದಾರೆ. ಸೋಮವಾರದೊಳಗೆ ಇಬ್ಬರನ್ನ ಹುಡುಕಿ ಕೊಡ್ತೀರಾ?"

ಇಂಥ ಫೋನು ನನಗೆ ಆಗಾಗ ಬರುತ್ತದೆ. ಇಬ್ಬರು ಸಿಗುತ್ತಾರೆ ಕೂಡ. ಒಂದು ಸಭೆ, ಟೀ ಬಿಸ್ಕತ್ತು, ಒಂದು ಗ್ರೂಪ್ ಫೋಟೊ. ಎರಡನೇ ಸಭೆಗೆ ಅವರು ಬರುವುದಿಲ್ಲ. ಆಮೇಲೆ ಶುರುವಾಗುತ್ತದೆ: "ನಮ್ಮ ಜನಕ್ಕೆ ಸಂಶೋಧನೆ ಅಂದ್ರೆ ಆಸಕ್ತೀನೇ ಇಲ್ಲ."

ಆಸಕ್ತಿ ಇದೆ. ಕೆಟ್ಟಿರುವುದು ನಾವು ಕೆಲಸ ಮಾಡುವ ಕ್ರಮ. ಪ್ರಶ್ನೆ ತೀರ್ಮಾನವಾದ ಮೇಲೆ, ದುಡ್ಡಿನ ಲೆಕ್ಕ ಮುಗಿದ ಮೇಲೆ, ಅಧ್ಯಯನವನ್ನು ಪರಿಶೀಲಿಸುವ ನೈತಿಕ ಸಮಿತಿಯ ಒಪ್ಪಿಗೆ ಬಂದ ಮೇಲೆ ರೋಗಿಯನ್ನು ಕರೆದರೆ ಅವರಿಗೆ ಹೇಳಲು ಏನು ಉಳಿದಿರುತ್ತದೆ? ತಲೆಯಾಡಿಸುವುದೊಂದೇ. ಇನ್ನೊಂದು ತಪ್ಪೂ ಇದೆ. "ರೋಗಿಗಳಿಗೆ ತರಬೇತಿ ಕೊಡಬೇಕು" ಎಂದು ಎಲ್ಲರೂ ಹೇಳುತ್ತಾರೆ. ನಾನು ಕಂಡ ಹಾಗೆ ತರಬೇತಿ ಜಾಸ್ತಿ ಬೇಕಿರುವುದು ನಮಗೆ, ಸಂಶೋಧಕರಿಗೆ. ಸುಮ್ಮನೆ ಕೂತು ಕೇಳುವುದು, ಸರಳವಾಗಿ ಬರೆಯುವುದು, ಸಭೆ ನಡೆಸುವುದು, ಹೇಳಿದ ದಿನಕ್ಕೆ ದುಡ್ಡು ಕೊಡುವುದು, "ಇದು ಆಗಲ್ಲ" ಎಂದು ಕಾರಣ ಕೊಟ್ಟು ಹೇಳುವುದು. ಇದ್ಯಾವುದನ್ನೂ ಕಾಲೇಜಿನಲ್ಲಿ ಯಾರೂ ನಮಗೆ ಕಲಿಸಲಿಲ್ಲ.

ಮೊದಲೇ ಒಂದು ಮಾತು ಸ್ಪಷ್ಟವಾಗಲಿ. ಅಧ್ಯಯನದಲ್ಲಿ ಭಾಗವಹಿಸುವವರು ರಕ್ತ ಕೊಡುತ್ತಾರೆ, ಪ್ರಶ್ನೆಗೆ ಉತ್ತರ ಕೊಡುತ್ತಾರೆ. ಪಾಲುದಾರರು ಯಾವ ಪ್ರಶ್ನೆ ಕೇಳಬೇಕು ಅನ್ನುವುದನ್ನೇ ನಮ್ಮ ಜೊತೆ ಕೂತು ತೀರ್ಮಾನಿಸುತ್ತಾರೆ. ಈ ಬರಹ ಎರಡನೆಯವರ ಬಗ್ಗೆ. ಉದಾಹರಣೆಗೆ ನಾನು ಕೆಲಸ ಮಾಡಿ ಬಲ್ಲ ವಿಷಯವನ್ನೇ ಇಟ್ಟುಕೊಳ್ಳುತ್ತೇನೆ: ತಾಲೂಕು ಮಟ್ಟದಲ್ಲಿ, ಸಕ್ಕರೆ ಕಾಯಿಲೆಯವರ ಕಾಲಿನ ಹುಣ್ಣು.

ಶುರು ಮಾಡುವ ಮುಂಚೆ ಕೈಯಲ್ಲಿ ಇರಬೇಕಾದವು

- ಈ ಕೆಲಸವನ್ನೇ ನೋಡಿಕೊಳ್ಳುವ ಒಬ್ಬರು. ಅವರ ಫೋನ್ ನಂಬರ್ ಬದಲಾಗಬಾರದು, ಮಧ್ಯಾಹ್ನದ ಹೊತ್ತು ರೋಗಿ ಫೋನ್ ಮಾಡಿದರೆ ಎತ್ತಬೇಕು.
- ನೆಲಮಹಡಿಯಲ್ಲಿ ಒಂದು ಕೋಣೆ, ಪಕ್ಕದಲ್ಲೇ ಶೌಚಾಲಯ.
- ಬಜೆಟ್‌ನಲ್ಲಿ ಬೇರೆಯಾಗಿ ತೋರಿಸಿದ ಒಂದು ಸಾಲು.
- ಎರಡು ಕಾಲಮ್ಮಿನ ಒಂದು ನೋಟ್‌ಬುಕ್. ಅದರ ಉಪಯೋಗ ಮುಂದೆ ಬರುತ್ತದೆ.
- ಆರು ತಿಂಗಳ ಪುರುಸೊತ್ತು. ಇದಿಲ್ಲದಿದ್ದರೆ ಮೇಲಿನ ನಾಲ್ಕೂ ಇದ್ದು ಪ್ರಯೋಜನವಿಲ್ಲ.

ಹಂತ 1: ಯಾವ ತೀರ್ಮಾನ ಇನ್ನೂ ತೆರೆದಿದೆ, ಬರೆದಿಡಿ

ರೋಗಿಗಳನ್ನು ಹುಡುಕುವ ಮುಂಚೆ ನಿಮ್ಮ ತಂಡ ಒಂದು ಹಾಳೆ ತುಂಬಲಿ. ಎಡಗಡೆ, ಈಗಾಗಲೇ ತೀರ್ಮಾನವಾದ ವಿಷಯಗಳು. ಬಲಗಡೆ, ಇನ್ನೂ ಬದಲಾಯಿಸಬಹುದಾದವು. ಪ್ರಶ್ನೆ ಏನು, ಯಾವುದನ್ನು ಅಳೆಯುತ್ತೇವೆ, ಎಷ್ಟು ಸಲ ಆಸ್ಪತ್ರೆಗೆ ಬರಬೇಕು, ಯಾವ ವಾರ, ಯಾರು ಮನೆಗೆ ಹೋಗಿ ಕೇಳುತ್ತಾರೆ, ಫಲಿತಾಂಶವನ್ನು ಹೇಗೆ ತಿಳಿಸುತ್ತೇವೆ.

ಬಲಗಡೆ ಖಾಲಿ ಇದ್ದರೆ ಅಲ್ಲಿಗೇ ನಿಲ್ಲಿಸಿ. ನಿಮಗೆ ಪಾಲುದಾರರು ಬೇಕಿಲ್ಲ, ಸಹಿ ಬೇಕಾಗಿದೆ. ಅದನ್ನು ಪಾಲುದಾರಿಕೆ ಎಂದು ಕರೆಯಬೇಡಿ. ಬೇಸರದ ಮಾತು, ಆದರೆ ರೋಗಿಗಳ ಒಂದು ದಿನದ ಕೂಲಿ ಉಳಿಯುತ್ತದೆ.

ಕ್ಲಿನಿಕಲ್ ಟ್ರಯಲ್, ಅಂದರೆ ಒಂದು ಚಿಕಿತ್ಸೆಯನ್ನು ಜನರಲ್ಲಿ ಪರೀಕ್ಷಿಸಿ ನೋಡುವ ಅಧ್ಯಯನ, ಮಾಡುವವರಿಗೆ ಇಲ್ಲಿ ಒಂದು ಗಡುವು ಇದೆ. ಭಾರತದಲ್ಲಿ ಟ್ರಯಲ್‌ಗಳನ್ನು ಸಿಟಿಆರ್‌ಐ (ಕ್ಲಿನಿಕಲ್ ಟ್ರಯಲ್ಸ್ ರಿಜಿಸ್ಟ್ರಿ ಇಂಡಿಯಾ) ಎಂಬ ದಾಖಲೆಯಲ್ಲಿ ನೋಂದಾಯಿಸಬೇಕು. 2018ರ ಏಪ್ರಿಲ್‌ನಿಂದ, ಮೊದಲ ವ್ಯಕ್ತಿಯನ್ನು ಸೇರಿಸಿಕೊಳ್ಳುವ ಮುಂಚೆಯೇ ನೋಂದಣಿ ಆಗಿರಬೇಕು. ಯಾವುದನ್ನು ಅಳೆಯುತ್ತೇವೆ ಎಂಬುದೂ ಅಲ್ಲಿ ದಾಖಲಾಗುತ್ತದೆ. ಆಮೇಲೆ ರೋಗಿ ಬಂದು "ಇದಲ್ಲ ಸಾರ್ ನಮ್ಮ ಕಷ್ಟ" ಎಂದರೆ ನೀವು ಒದ್ದಾಡಬೇಕಾಗುತ್ತದೆ. ಅದಕ್ಕೇ ಅವರ ಮಾತು ನೋಂದಣಿಗಿಂತ ಮುಂಚೆ ಬರಬೇಕು.

ಇದು ಎಷ್ಟು ಮುಖ್ಯ ಅನ್ನಲು ಒಂದು ನಿಜವಾದ ಪ್ರಸಂಗ. ಕೀಲುವಾತದ ಅಧ್ಯಯನಗಳಲ್ಲಿ ಏನನ್ನು ಅಳೆಯಬೇಕು ಎಂದು ಚರ್ಚಿಸುವ ಒಮೆರಾಕ್ಟ್ ಎಂಬ ಅಂತರರಾಷ್ಟ್ರೀಯ ತಂಡ 2002ರ ಸಮ್ಮೇಳನಕ್ಕೆ ಮೊದಲ ಸಲ ರೋಗಿಗಳನ್ನು ಕರೆಯಿತು. ವೈದ್ಯರ ಪಟ್ಟಿಯಲ್ಲಿ ಊತ, ನೋವು ಎಲ್ಲ ಇತ್ತು. ರೋಗಿಗಳು ಎತ್ತಿದ್ದು ಸುಸ್ತಿನ ಮಾತು. ಅದು ಆ ಪಟ್ಟಿಯಲ್ಲೇ ಇರಲಿಲ್ಲ. ಕೆಲವು ವರ್ಷಗಳ ನಂತರ ಆ ಕಾಯಿಲೆಯ ಟ್ರಯಲ್‌ಗಳಲ್ಲಿ ಸುಸ್ತನ್ನೂ ಅಳೆಯಬೇಕು ಎಂಬ ಶಿಫಾರಸು ಬಂತು. ಅವರನ್ನು ಕೊನೆಗೆ ಕರೆದಿದ್ದರೆ ಆ ಮಾತು ವರದಿಯ ಕೊನೆಯ ಪುಟದಲ್ಲಿ ಒಂದು ಸಾಲಾಗಿ ಮುಗಿಯುತ್ತಿತ್ತು.

ಹಂತ 2: ದುಡ್ಡು ಮತ್ತು ಒಪ್ಪಿಗೆ

ಅನುದಾನಕ್ಕೆ ಅರ್ಜಿ ಹಾಕುವಾಗಲೇ ಪಾಲುದಾರರ ಖರ್ಚು ಬರೆಯಿರಿ. ಆಮೇಲೆ "ಇತರೆ ವೆಚ್ಚ"ದಲ್ಲಿ ಹೊಂದಿಸಿಕೊಳ್ಳೋಣ ಅಂದರೆ ಹೊಂದುವುದಿಲ್ಲ, ನಾನು ನೋಡಿದ್ದೇನೆ.

ಖರ್ಚಿನಲ್ಲಿ ನಾಲ್ಕು ಬಾಬ್ತು: ಪ್ರಯಾಣ, ಊಟ, ಹೋದ ಕೂಲಿ, ಅವರ ಕೆಲಸಕ್ಕೆ ಗೌರವಧನ. "ಹೆಂಗಸರಿಗೆ ಬಸ್ ಫ್ರೀ ಅಲ್ವಾ" ಎಂದು ಲೆಕ್ಕದವರು ಕೇಳುತ್ತಾರೆ. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಸರ್ಕಾರಿ ಬಸ್ಸು ಉಚಿತ, ನಿಜ. ಆದರೆ ಕಾಲಿಗೆ ಬ್ಯಾಂಡೇಜ್ ಇರುವವರು ಬಸ್ ಸ್ಟ್ಯಾಂಡಿನಿಂದ ಆಸ್ಪತ್ರೆಗೆ ನಡೆದು ಬರಬೇಕಾ? ಆಟೋ ಉಚಿತ ಅಲ್ಲ. ಜೊತೆಗೆ ಬಂದ ಮಗನ ಟಿಕೆಟ್ಟೂ ಉಚಿತ ಅಲ್ಲ. ಕೂಲಿಯ ಲೆಕ್ಕಕ್ಕೆ ಉದ್ಯೋಗ ಖಾತ್ರಿಯ ದರವನ್ನು ಕನಿಷ್ಠ ಎಂದು ಇಟ್ಟುಕೊಳ್ಳಬಹುದು. 2025-26ರಲ್ಲಿ ಕರ್ನಾಟಕಕ್ಕೆ ಅದು ದಿನಕ್ಕೆ 370 ರೂಪಾಯಿ ಇತ್ತು. ಊರಿನಲ್ಲಿ ನಡೆಯುವ ಕೂಲಿ ಅದಕ್ಕಿಂತ ಜಾಸ್ತಿ ಇದ್ದರೆ ಅದನ್ನೇ ಹಿಡಿಯಿರಿ.

ದುಡ್ಡು ಹೇಗೆ ಸೇರುತ್ತದೆ ಅನ್ನುವುದು ಎಷ್ಟು ಅನ್ನುವುದಕ್ಕಿಂತ ಮುಖ್ಯ. ಪ್ಯಾನ್ ಕಾರ್ಡ್ ಇಲ್ಲದವರು ಇರುತ್ತಾರೆ. ಬ್ಯಾಂಕ್ ಖಾತೆ ಇದ್ದರೂ ಮೊಬೈಲ್ ನಂಬರ್ ಮಗನದು, ಮೆಸೇಜ್ ಅವನಿಗೆ ಹೋಗುತ್ತದೆ. ಒಬ್ಬ ಅಮ್ಮ ನನ್ನ ಕಿವಿಯಲ್ಲಿ "ಕೈಗೇ ಕೊಡಿ ಮೇಡಂ, ಖಾತೆಗೆ ಹಾಕಿದ್ರೆ ನಂಗೆ ಬರಲ್ಲ" ಎಂದಿದ್ದರು. ನಗದು ಕೊಟ್ಟು ವೋಚರ್ ಬರೆಸಿಕೊಳ್ಳಬಹುದಾ ಎಂದು ಲೆಕ್ಕ ವಿಭಾಗದಿಂದ ಮೊದಲೇ ಬರವಣಿಗೆಯಲ್ಲಿ ಪಡೆಯಿರಿ. ಈ ದುಡ್ಡಿನಿಂದ ಬಿಪಿಎಲ್ ಕಾರ್ಡಿಗೆ ತೊಂದರೆ ಆಗುತ್ತಾ ಎಂದು ಹೆದರುವವರೂ ಇದ್ದಾರೆ. ಆ ಪ್ರಶ್ನೆಗೂ ಉತ್ತರ ತಿಳಿದುಕೊಂಡು ಹೋಗಿ.

ಇನ್ನು ನೈತಿಕ ಸಮಿತಿ. ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತಿನ 2017ರ ಮಾರ್ಗಸೂಚಿಯ ಪ್ರಕಾರ ಸಮಿತಿಯಲ್ಲಿ 7ರಿಂದ 15 ಜನ, ಅವರಲ್ಲಿ ವೈದ್ಯಕೀಯದ ಹಿನ್ನೆಲೆ ಇಲ್ಲದ ಒಬ್ಬ ಜನಸಾಮಾನ್ಯರೂ ಇರಬೇಕು. "ಅವರಿದ್ದಾರಲ್ಲ, ಅವರೇ ನಮ್ಮ ರೋಗಿ ಪ್ರತಿನಿಧಿ" ಎಂದು ಕೆಲವರು ಬರೆದುಬಿಡುತ್ತಾರೆ. ತಪ್ಪು. ಅವರ ಕೆಲಸ ನಿಮ್ಮ ಅಧ್ಯಯನವನ್ನು ಪರಿಶೀಲಿಸುವುದು. ನಿಮ್ಮ ಜೊತೆ ಕೂತು ಕಟ್ಟಿದ್ದನ್ನು ಅವರೇ ಪರಿಶೀಲಿಸುವುದು ಸರಿಯಲ್ಲ.

ಪಾಲುದಾರರಿಂದ ಸಲಹೆ ಕೇಳುವುದೇ ಬೇರೆ, ಅವರು ಹೇಳಿದ್ದನ್ನು ಮಾಹಿತಿಯಾಗಿ ಸಂಗ್ರಹಿಸಿ ಪ್ರಕಟಿಸುವುದೇ ಬೇರೆ. ಎರಡನೆಯದಕ್ಕೆ ಸಮಿತಿಯ ಒಪ್ಪಿಗೆಯೂ ಬೇಕು, ಅವರ ಸಮ್ಮತಿ ಪತ್ರವೂ ಬೇಕು. ಗೆರೆ ಮಸುಕಾಗಿದೆ ಅನ್ನಿಸಿದರೆ ಸಮಿತಿಯ ಕಾರ್ಯದರ್ಶಿಗೆ ಒಂದು ಪತ್ರ ಬರೆದು ಕೇಳಿಬಿಡಿ.

ಹಂತ 3: ಜನರನ್ನು ಹುಡುಕುವುದು

ಒಬ್ಬರನ್ನೇ ಕರೆಯಬೇಡಿ. ಹತ್ತು ಜನ ಡಾಕ್ಟರುಗಳ ನಡುವೆ ಒಬ್ಬ ರೋಗಿ ಬಾಯಿ ಬಿಡುವುದಿಲ್ಲ, ನೀವಾದರೂ ಬಿಡುವುದಿಲ್ಲ. ಕನಿಷ್ಠ ಇಬ್ಬರು, ಆದರೆ ನಾಲ್ಕರಿಂದ ಆರು ಜನ ಇದ್ದರೆ ಒಬ್ಬರ ಮಾತು ಇನ್ನೊಬ್ಬರಿಗೆ ಧೈರ್ಯ ಕೊಡುತ್ತದೆ.

ಎಲ್ಲರೂ ಮಾಡುವ ತಪ್ಪು: ಚೆನ್ನಾಗಿ ಮಾತಾಡುವವರನ್ನೇ ಆರಿಸುವುದು. ನಿವೃತ್ತ ಮೇಷ್ಟ್ರು, ಸಂಘದ ಅಧ್ಯಕ್ಷರು, ಇಂಗ್ಲಿಷ್ ಬರುವ ಇಂಜಿನಿಯರ್. ಅವರೂ ಇರಲಿ. ಆದರೆ ಕಾಲಿನ ಹುಣ್ಣು ಕಬ್ಬಿನ ಗದ್ದೆಯಲ್ಲಿ ಬರಿಗಾಲಲ್ಲಿ ನಿಲ್ಲುವವರಿಗೆ ಆಗುವುದು. ಹಾಗೇ ದಿನವೂ ಡ್ರೆಸ್ಸಿಂಗ್ ಮಾಡುವ ಸೊಸೆ, ರಜೆ ಹಾಕಿ ಕರೆದುಕೊಂಡು ಬರುವ ತಮ್ಮ. ನೋಡಿಕೊಳ್ಳುವವರಿಗೆ ಗೊತ್ತಿರುವುದು ರೋಗಿಗೂ ಗೊತ್ತಿರುವುದಿಲ್ಲ. ಅತ್ತೆ ಸೊಸೆಯನ್ನು ಒಂದೇ ಸಭೆಗೆ ಕೂರಿಸಬೇಕಾ ಅನ್ನುವುದನ್ನು ಮಾತ್ರ ಯೋಚಿಸಿ ಮಾಡಿ.

ಚಿಕಿತ್ಸೆ ಕೊಡುವ ಡಾಕ್ಟರೇ ನೇರವಾಗಿ ಕೇಳಬಾರದು. ಡಾಕ್ಟ್ರು ಕೇಳಿದರೆ "ಇಲ್ಲ" ಅನ್ನೋಕಾಗುತ್ತಾ? ಹೊರರೋಗಿ ವಿಭಾಗದ ಗೋಡೆಗೆ ದೊಡ್ಡ ಅಕ್ಷರದಲ್ಲಿ ಒಂದು ಚೀಟಿ ಅಂಟಿಸಿ, ಡ್ರೆಸ್ಸಿಂಗ್ ಕೋಣೆಯ ಹೊರಗೆ ಕಾಯುವವರ ಜೊತೆ ಅರ್ಧ ದಿನ ಕೂತು ಮಾತಾಡಿ, ಆಶಾ ಕಾರ್ಯಕರ್ತೆಯರಿಗೆ ವಿಷಯ ತಿಳಿಸಿ. "ಈಗಲೇ ಹೇಳಬೇಡಿ, ಮನೇಲಿ ಮಾತಾಡಿ, ಮುಂದಿನ ವಾರ ನಾನೇ ಫೋನ್ ಮಾಡ್ತೀನಿ" ಎಂದು ಹೇಳಿ ಬನ್ನಿ.

ಎಚ್ಚರಿಕೆಯ ಗುರುತು: ನೀವು ಕೇಳಿದವರೆಲ್ಲ ಒಪ್ಪಿದರೆ ಅನುಮಾನ ಪಡಿ. ಯಾರೋ ಅವರ ಮೇಲೆ ಒತ್ತಡ ಹಾಕಿದ್ದಾರೆ, ಇಲ್ಲವೇ ಒಪ್ಪಿದರೆ ಚಿಕಿತ್ಸೆ ಬೇಗ ಸಿಗುತ್ತದೆ ಎಂದುಕೊಂಡಿದ್ದಾರೆ.

ಹಂತ 4: ಒಂದು ಪುಟದ ಒಪ್ಪಂದ

ಉದ್ದದ ಕರಾರು ಪತ್ರ ಬೇಡ. ಕೈಯಲ್ಲಿ ಹಿಡಿದು ಓದಿ ಹೇಳಬಹುದಾದ ಒಂದು ಪುಟ ಸಾಕು. ಎಷ್ಟು ಸಭೆ, ಎಷ್ಟು ಹೊತ್ತು, ಎಷ್ಟು ದುಡ್ಡು, ಯಾವಾಗ. ಯಾವ ವಿಷಯದಲ್ಲಿ ಪಾಲುದಾರರ ಮಾತು ನಡೆಯುತ್ತದೆ, ಯಾವುದರಲ್ಲಿ ನಡೆಯುವುದಿಲ್ಲ. ಸಭೆಯಲ್ಲಿ ಕೇಳಿದ ಬೇರೆಯವರ ಮನೆ ವಿಷಯ ಹೊರಗೆ ಹೋಗಬಾರದು. ಯಾವಾಗ ಬೇಕಾದರೂ ಬಿಡಬಹುದು, ಬಿಟ್ಟರೆ ಚಿಕಿತ್ಸೆಗೆ ಏನೂ ತೊಂದರೆ ಇಲ್ಲ.

ಕೊನೆಯ ಸಾಲನ್ನು ಎರಡು ಸಲ ಓದಿ. ಮೊದಲ ಸಲ ಯಾರೂ ನಂಬುವುದಿಲ್ಲ.

ಹಂತ 5: ಭಾಷೆ ಸರಿ ಮಾಡಿಕೊಳ್ಳಿ

ಇದು ನಮ್ಮವರು ಜಾಸ್ತಿ ಎಡವುವ ಜಾಗ. ಇಂಗ್ಲಿಷಿನಲ್ಲಿ ಬರೆದು, ಅನುವಾದಕ್ಕೆ ಕಳಿಸಿ, ಬಂದ ಕನ್ನಡವನ್ನು ಯಾರೂ ಓದದೆ ಮುದ್ರಿಸುತ್ತೇವೆ. "ಪಾದದ ಬಾಹ್ಯ ನರಗಳ ಸಂವೇದನಾ ನಷ್ಟದ ಮೌಲ್ಯಮಾಪನ" ಎಂದು ಒಂದು ಹಾಳೆಯಲ್ಲಿ ಇತ್ತು. ನನಗೇ ಎರಡು ಸಲ ಓದಬೇಕಾಯಿತು. ಪಾಲುದಾರರ ಜೊತೆ ಕೂತು ತಿದ್ದಿದ ಮೇಲೆ ಅದು ಹೀಗಾಯಿತು: "ನಿಮ್ಮ ಕಾಲಿಗೆ ಜೋಮು ಹಿಡಿದಿದೆಯಾ, ಮುಟ್ಟಿದ್ದು ಗೊತ್ತಾಗುತ್ತದಾ ಎಂದು ಒಂದು ನೈಲಾನ್ ಎಳೆಯಿಂದ ಮುಟ್ಟಿ ನೋಡುತ್ತೇವೆ. ನೋವಾಗುವುದಿಲ್ಲ, ಸೂಜಿ ಅಲ್ಲ." "ಸೂಜಿ ಅಲ್ಲ" ಅನ್ನುವುದನ್ನು ಸೇರಿಸಿದ್ದು ಅವರು. ಆ ಎಳೆ ನೋಡಲು ಸೂಜಿಯ ಹಾಗೇ ಕಾಣುತ್ತದೆ ಎಂದು ನಮಗೆ ಹೊಳೆದೇ ಇರಲಿಲ್ಲ.

ಇನ್ನೊಂದು ತೊಡಕಿನ ಪದ "ಯಾದೃಚ್ಛಿಕ". ಯಾರು ಯಾವ ಗುಂಪಿಗೆ ಹೋಗುತ್ತಾರೆ ಅನ್ನುವುದನ್ನು ನಾವು ಆರಿಸುವುದಿಲ್ಲ, ಅದೃಷ್ಟಕ್ಕೆ ಬಿಡುತ್ತೇವೆ ಎಂದು ವಿವರಿಸಬೇಕು. ನಾನು "ಲಾಟರಿ ಥರ" ಎಂದೆ. ಒಬ್ಬ ಯಜಮಾನರು ತಕ್ಷಣ ಹೇಳಿದರು: "ಲಾಟರಿ ಅಂದ್ರೆ ಒಬ್ಬ ಗೆಲ್ತಾನೆ, ಮಿಕ್ಕೋರೆಲ್ಲ ಸೋಲ್ತಾರೆ ಕಣಮ್ಮ. ಸೋಲೋ ಗುಂಪಿಗೆ ಯಾರ್ ಬರ್ತಾರೆ?" ಕೊನೆಗೆ "ಕ್ರಿಕೆಟ್‌ನಲ್ಲಿ ಟಾಸ್ ಹಾಕಿದ ಹಾಗೆ, ಎರಡು ಕಡೆಯವರೂ ಆಡುತ್ತಾರೆ" ಎಂಬಲ್ಲಿಗೆ ನಿಂತಿತು.

ಭಾಷೆ ಸರಿ ಇದೆಯಾ ಎಂದು ನೋಡುವ ವಿಧಾನ:

1. ಹಾಳೆಯನ್ನು ಗಟ್ಟಿಯಾಗಿ ಓದಿ. ಉಸಿರು ಸಾಲದ ವಾಕ್ಯವನ್ನು ಎರಡು ಮಾಡಿ.
2. "ಅರ್ಥ ಆಯ್ತಾ?" ಎಂದು ಕೇಳಬೇಡಿ. ಎಲ್ಲರೂ ಹೂಂ ಅನ್ನುತ್ತಾರೆ. "ನಾನು ಸರಿಯಾಗಿ ಹೇಳಿದೆನಾ ಅಂತ ನೋಡಬೇಕು, ಮನೆಗೆ ಹೋದಾಗ ಇದನ್ನ ಹೇಗೆ ಹೇಳ್ತೀರಿ?" ಎಂದು ಕೇಳಿ.
3. ಅವರು ಬಳಸಿದ ಪದವನ್ನೇ ಬರೆದುಕೊಳ್ಳಿ. ಅವರು "ಶುಗರ್" ಅಂದರೆ ನೀವು "ಮಧುಮೇಹ" ಎಂದು ತಿದ್ದಲು ಹೋಗಬೇಡಿ.

ಕಲಬುರಗಿಯಲ್ಲಿ ತಿದ್ದಿದ ಹಾಳೆಯನ್ನು ಮಂಡ್ಯಕ್ಕೆ ಹಾಗೇ ತರಬೇಡಿ. ಕನ್ನಡ ಒಂದೇ ಆದರೂ ನೋವಿನ ಪದಗಳು ಊರಿಂದ ಊರಿಗೆ ಬೇರೆ.

ಹಂತ 6: ಸಭೆ ನಡೆಸುವುದು

ನಾನು ಮಾಡಿದ ತಪ್ಪಿನಿಂದಲೇ ಶುರು ಮಾಡುತ್ತೇನೆ. ನಮ್ಮ ಮೊದಲ ಸಭೆಗೆ ಕೋಣೆ ಸಿಕ್ಕಿದ್ದು ಎರಡನೇ ಮಹಡಿಯಲ್ಲಿ. ಲಿಫ್ಟ್ ಇದೆ ಎಂದುಕೊಂಡಿದ್ದೆ. ಆ ದಿನ ಅದು ಕೆಟ್ಟಿತ್ತು. ಪಾದದ ಮುಂಭಾಗ ತೆಗೆಸಿಕೊಂಡಿದ್ದ ಒಬ್ಬರು ಕಂಬಿ ಹಿಡಿದುಕೊಂಡು ಮೆಟ್ಟಿಲು ಹತ್ತಿ ಬಂದರು. ಬಂದು ಕೂತು ಬೆವರು ಒರೆಸಿಕೊಂಡು, "ಕಾಲಿನ ಬಗ್ಗೆ ಮಾತಾಡೋಕೆ ಕರೆದಿದ್ದಲ್ವಾ?" ಎಂದರು. ನಗುತ್ತಲೇ ಹೇಳಿದರು, ಆದರೆ ನಗು ನನಗೆ ಬರಲಿಲ್ಲ. ಈಗ ನಾನು ಹಿಂದಿನ ದಿನವೇ ಹೋಗಿ ಬಾಗಿಲಿನಿಂದ ಕುರ್ಚಿಯವರೆಗೆ ನಡೆದು ನೋಡುತ್ತೇನೆ.

ಹೊತ್ತು. ಸಂತೆ ದಿನ, ನಾಟಿ ಕಟಾವಿನ ವಾರ, ಹಬ್ಬದ ಹಿಂದಿನ ದಿನ ಬೇಡ. ಕೊನೆಯ ಬಸ್ಸು ಎಷ್ಟಕ್ಕೆ ಎಂದು ಕೇಳಿಕೊಂಡು ಸಭೆ ಮುಗಿಸಿ.

ಊಟ. ಇನ್ಸುಲಿನ್ ಅಥವಾ ಕೆಲವು ಬಗೆಯ ಶುಗರ್ ಮಾತ್ರೆ ತೆಗೆದುಕೊಳ್ಳುವವರಿಗೆ ಊಟ ತಡವಾದರೆ ಸಕ್ಕರೆ ಇಳಿಯುತ್ತದೆ. ಮಾತಿನ ಮಧ್ಯೆ ಯಾರಿಗಾದರೂ ಕೈ ನಡುಕ, ಬೆವರು, ತೊದಲು ಕಂಡರೆ ಸಭೆ ನಿಲ್ಲಿಸಿ. ಎಚ್ಚರವಿದ್ದು ನುಂಗಲು ಆಗುತ್ತಿದ್ದರೆ ಮೂರು ನಾಲ್ಕು ಚಮಚ ಸಕ್ಕರೆ ನೀರಿನಲ್ಲಿ ಕಲಸಿ ಕುಡಿಸಿ, 15 ನಿಮಿಷ ಬಿಟ್ಟು ಮತ್ತೆ ನೋಡಿ. ಪ್ರಜ್ಞೆ ತಪ್ಪಿದರೆ ಬಾಯಿಗೆ ಏನೂ ಹಾಕದೆ ಡಾಕ್ಟರನ್ನು ಕರೆಯಿರಿ. ಕೋಣೆಯಲ್ಲಿ ಸಕ್ಕರೆ ಪೊಟ್ಟಣ ಇರಲೇಬೇಕು. ಟೀ ಮಾತ್ರ ಸಕ್ಕರೆ ಹಾಕದ್ದೂ ಇರಲಿ, ಪ್ರತಿ ಸಲ ಮರೆಯುವುದು ಅದನ್ನೇ.

ಕೂರುವುದು. ಡಾಕ್ಟರುಗಳು ಒಂದು ಕಡೆ, ರೋಗಿಗಳು ಒಂದು ಕಡೆ ಕೂತರೆ ಅದು ವಿಚಾರಣೆಯ ಹಾಗೆ ಕಾಣುತ್ತದೆ. ಬೆರೆಸಿ ಕೂರಿಸಿ. ಎಲ್ಲರಿಗೂ ಒಂದೇ ಥರದ ಕುರ್ಚಿ. ಬಿಳಿ ಕೋಟು ಹೊರಗೆ ಬಿಟ್ಟು ಬರಲಿ.

ಮಾತಿನ ಸರದಿ. ನಿಯಮ ಒಂದೇ: ಹಿರಿಯ ಡಾಕ್ಟರು ಕೊನೆಗೆ ಮಾತಾಡಬೇಕು. ಅವರು ಮೊದಲು ಅಭಿಪ್ರಾಯ ಹೇಳಿದರೆ ಸಭೆ ಅಲ್ಲಿಗೇ ಮುಗಿದಂತೆ, ಮಿಕ್ಕವರೆಲ್ಲ "ಡಾಕ್ಟ್ರು ಹೇಳಿದ್ದೇ ಸರಿ" ಅನ್ನುತ್ತಾರೆ. ಇದನ್ನು ಅವರಿಗೆ ಹಿಂದಿನ ದಿನ ಒಬ್ಬರೇ ಇದ್ದಾಗ ಹೇಳಿ, ಸಭೆಯಲ್ಲಿ ಎಲ್ಲರ ಮುಂದೆ ಅಲ್ಲ.

ಸುಮ್ಮನಿರುವುದು. ಪ್ರಶ್ನೆ ಕೇಳಿದ ಮೇಲೆ ಮನಸ್ಸಿನಲ್ಲೇ ಹತ್ತರವರೆಗೆ ಎಣಿಸಿ. ಅಷ್ಟರಲ್ಲಿ ನಮಗೆ ಚಡಪಡಿಕೆ ಶುರುವಾಗುತ್ತದೆ, ನಾವೇ ಉತ್ತರ ಕೊಟ್ಟುಬಿಡುತ್ತೇವೆ. ಮಾತು ಬರುವುದು ಏಳು ಎಂಟರ ಹೊತ್ತಿಗೆ.

ಅಂಥ ಒಂದು ಮೌನದ ಆಮೇಲೆ ಬಂದ ಮಾತು ನಮ್ಮ ಪ್ರಶ್ನಾವಳಿಯನ್ನೇ ಬದಲಾಯಿಸಿತು. "ನೀವು ಪ್ರತಿದಿನ ಪಾದರಕ್ಷೆ ಧರಿಸುತ್ತೀರಾ? ಹೌದು / ಇಲ್ಲ" ಎಂದು ಬರೆದಿದ್ದೆವು. ಎರಡು ಬೆರಳು ಕಳೆದುಕೊಂಡಿದ್ದ ಒಬ್ಬ ಅಮ್ಮ ಸೆರಗಿನ ತುದಿ ತಿರುವುತ್ತ ಹೇಳಿದರು: "ಎಲ್ಲಾರೂ ಹೌದು ಅಂತಾರೆ ಮೇಡಂ. ನಾನೂ ಅಂದಿದ್ದೆ. ಆದ್ರೆ ಅಡಿಗೆ ಮನೆಗೆ, ದೇವ್ರ ಮನೆಗೆ, ಬಚ್ಚಲಿಗೆ ಯಾರ್ ಚಪ್ಪಲಿ ಹಾಕ್ಕೊಂಡು ಹೋಗ್ತಾರೆ? ನಂಗೆ ಮುಳ್ಳು ಹೊಕ್ಕಿದ್ದು ಕೊಟ್ಟಿಗೇಲಿ. ಹಾಲು ಕರೆಯೋಕೆ ಹೋಗಿದ್ದೆ. ಮೂರು ದಿನ ಗೊತ್ತೇ ಆಗ್ಲಿಲ್ಲ, ಹಾಸಿಗೇಲಿ ಕಲೆ ನೋಡಿ ಸೊಸೆ ಹೇಳಿದ್ಲು."

ಪ್ರಶ್ನೆ ಹೀಗೆ ಬದಲಾಯಿತು: "ಇವತ್ತು ಎದ್ದಾಗಿನಿಂದ ಎಲ್ಲೆಲ್ಲಿ ಬರಿಗಾಲಲ್ಲಿ ಓಡಾಡಿದಿರಿ?" ಕೆಳಗೆ ಹೌದು, ಇಲ್ಲ ಅನ್ನುವ ಚೌಕ ಇಲ್ಲ, ಜಾಗಗಳ ಪಟ್ಟಿ ಇದೆ. ಅದೇ ಸಭೆಯಲ್ಲಿ ಆಸ್ಪತ್ರೆಯವರು ಕೊಡುವ ಮೆತ್ತನೆಯ ಎಂಸಿಆರ್ ಚಪ್ಪಲಿಯ ಮಾತೂ ಬಂತು. ಕುಷ್ಠರೋಗದವರಿಗೆ ಬಹಳ ಕಾಲದಿಂದ ಕೊಡುತ್ತಿರುವುದೂ ಅದೇ ರಬ್ಬರಿನ ಚಪ್ಪಲಿ. "ಅದನ್ನ ಹಾಕ್ಕೊಂಡು ಸಂತೆಗೆ ಹೋದ್ರೆ ಜನ ಬೇರೆ ಕಾಯ್ಲೆ ಅಂದ್ಕೋತಾರೆ" ಎಂದರು ಒಬ್ಬರು. ಚಪ್ಪಲಿ ಕೊಟ್ಟೆವು, ಹಾಕಿಕೊಳ್ಳಲಿಲ್ಲ ಎಂದು ಬರೆಯುವ ಬದಲು ಯಾಕೆ ಹಾಕಿಕೊಳ್ಳಲಿಲ್ಲ ಎಂದು ಕೇಳಬೇಕು ಅನ್ನುವುದು ನಮಗೆ ಆಗ ತಿಳಿಯಿತು.

ಎಚ್ಚರಿಕೆಯ ಗುರುತುಗಳು: ಸಭೆಯ ಟಿಪ್ಪಣಿಯಲ್ಲಿ ಬರೀ ಡಾಕ್ಟರುಗಳ ಹೆಸರು ಇದೆ. ರೋಗಿಗಳು ಸಭೆಯಲ್ಲಿ ಸುಮ್ಮನಿದ್ದು ಆಮೇಲೆ ಬಸ್ ಸ್ಟ್ಯಾಂಡಿನಲ್ಲಿ ನಿಮ್ಮ ಹತ್ತಿರ ಮಾತಾಡುತ್ತಾರೆ. ಎರಡು ಸಭೆಯಾದರೂ ಯಾರೂ ಒಂದು ಸಲವೂ "ಇಲ್ಲ" ಅಂದಿಲ್ಲ. ಮೂರರಲ್ಲಿ ಯಾವುದು ಕಂಡರೂ ಮುಂದಿನ ಸಭೆಗೆ ಮುಂಚೆ ಒಬ್ಬೊಬ್ಬರ ಮನೆಗೆ ಹೋಗಿ ಮಾತಾಡಿ ಬನ್ನಿ.

ಹಂತ 7: "ನೀವು ಹೇಳಿದ್ದು, ನಾವು ಮಾಡಿದ್ದು"

ಎರಡು ಕಾಲಮ್ಮಿನ ನೋಟ್‌ಬುಕ್ ಇದಕ್ಕೆ. ಎಡಗಡೆ ಪಾಲುದಾರರು ಹೇಳಿದ್ದು, ಅವರ ಮಾತಿನಲ್ಲೇ, ದಿನಾಂಕದ ಜೊತೆ. ಬಲಗಡೆ ನಾವು ಮಾಡಿದ್ದು. ಮಾಡದಿದ್ದರೆ ಯಾಕೆ ಮಾಡಲಿಲ್ಲ. ಪ್ರತಿ ಸಭೆಯೂ ಹಿಂದಿನ ಸಲದ ಪುಟ ಓದುವುದರಿಂದ ಶುರುವಾಗಲಿ.

ಎಲ್ಲ ಸಲಹೆಯನ್ನೂ ಒಪ್ಪಬೇಕಿಲ್ಲ. ನಮ್ಮಲ್ಲಿ ಒಬ್ಬರು "ಎಲ್ಲಾರಿಗೂ ಚಪ್ಪಲಿ ಕೊಡಿ, ಅರ್ಧ ಜನಕ್ಕೆ ಯಾಕೆ?" ಎಂದು ಪಟ್ಟು ಹಿಡಿದರು. ಚಪ್ಪಲಿ ಸಿಕ್ಕವರನ್ನೂ ಸಿಗದವರನ್ನೂ ಹೋಲಿಸಿ ನೋಡಲು ಎರಡು ಗುಂಪು ಯಾಕೆ ಬೇಕು ಎಂದು ವಿವರಿಸಿದೆವು. ಅವರು ಒಪ್ಪಲಿಲ್ಲ. "ಅಧ್ಯಯನ ಮುಗಿದ ಮೇಲೆ ಎರಡನೇ ಗುಂಪಿಗೂ ಕೊಡ್ತೀರಾ?" ಎಂದು ಕೇಳಿದರು. ಅದಕ್ಕೆ ದುಡ್ಡು ಹುಡುಕಿದೆವು. ನ್ಯಾಯವಾದ ಮಾತು, ಮೊದಲೇ ನಮಗೆ ಹೊಳೆಯಬೇಕಿತ್ತು.

"ನೋಡೋಣ" ಎಂಬ ಪದವನ್ನು ಮಾತ್ರ ಬಳಸಬೇಡಿ. ಕನ್ನಡದಲ್ಲಿ "ನೋಡೋಣ" ಅಂದರೆ "ಆಗಲ್ಲ" ಅಂತ ಎಲ್ಲರಿಗೂ ಗೊತ್ತು.

ಹಂತ 8: ಮಾಹಿತಿ ಸಂಗ್ರಹ ಮತ್ತು ವಿಶ್ಲೇಷಣೆ

ಪಾಲುದಾರರೇ ಮನೆಮನೆಗೆ ಹೋಗಿ ಪ್ರಶ್ನೆ ಕೇಳಿದರೆ ಜನ ಮನಸ್ಸು ಬಿಚ್ಚಿ ಮಾತಾಡುತ್ತಾರೆ. ಅಪಾಯವೂ ಅಲ್ಲೇ ಇದೆ. ಒಂದೇ ಊರಿನವರು, ಒಂದೇ ಕೇರಿಯವರು. ಪಕ್ಕದ ಮನೆಯವರ ಕಾಯಿಲೆ ಇವರಿಗೆ ಗೊತ್ತಾಗುತ್ತದೆ. ಅದಕ್ಕೆ ಅವರ ಊರು ಬಿಟ್ಟು ಬೇರೆ ಊರಿಗೆ ಕಳಿಸಿ. ಗುಟ್ಟು ಕಾಪಾಡುವುದರ ಬಗ್ಗೆ ಅರ್ಧ ದಿನದ ಅಭ್ಯಾಸ ಮಾಡಿಸಿ. ಬರೀ ಹೇಳಿದರೆ ಸಾಲದು, ಆಡಿಸಿ ನೋಡಿ: "ನೀವು ವಾಪಸ್ ಬರುವಾಗ ಅಂಗಡಿಯವರು ಕೇಳ್ತಾರೆ, ಅವರ ಮನೇಲಿ ಯಾರಿಗೆ ಏನಾಗಿದೆ ಅಂತ. ಏನು ಹೇಳ್ತೀರಿ?"

ಹೆಸರು, ಫೋನ್ ನಂಬರ್ ಇರುವ ಹಾಳೆಗಳ ಫೋಟೊ ವಾಟ್ಸಾಪ್ ಗ್ರೂಪಿಗೆ ಹಾಕಬಾರದು. 2023ರಲ್ಲಿ ವೈಯಕ್ತಿಕ ಡಿಜಿಟಲ್ ಮಾಹಿತಿಗೆ ದೇಶದಲ್ಲಿ ಪ್ರತ್ಯೇಕ ಕಾಯ್ದೆಯೇ ಬಂದಿದೆ. ಕಾಯ್ದೆ ಇಲ್ಲದಿದ್ದರೂ ಹಾಕಬಾರದು.

ವಿಶ್ಲೇಷಣೆಯ ಹೊತ್ತಿಗೆ ಪಾಲುದಾರರನ್ನು ಮನೆಗೆ ಕಳಿಸಿಬಿಡುವುದು ವಾಡಿಕೆ. ಹಾಗೆ ಮಾಡಬೇಡಿ. ಲೆಕ್ಕ ನೀವು ಮಾಡಿ. ಆದರೆ ಹೆಸರು ಊರು ತೆಗೆದ ನಾಲ್ಕೈದು ಸಂದರ್ಶನದ ತುಣುಕು ಓದಿ ಹೇಳಿ, "ಇವರು ಏನು ಹೇಳ್ತಿದ್ದಾರೆ ಅನ್ಸುತ್ತೆ?" ಎಂದು ಕೇಳಿ. "ಆಸ್ಪತ್ರೆ ದೂರ" ಅನ್ನುವುದನ್ನು ನೀವು ಕಿಲೋಮೀಟರ್ ಲೆಕ್ಕದಲ್ಲಿ ಹಾಕಿರುತ್ತೀರಿ. ಅವರು ಹೇಳುತ್ತಾರೆ, ದೂರ ಅಂದರೆ ಜೊತೆಗೆ ಬರೋರಿಲ್ಲ ಅಂತ.

ಹಂತ 9: ಬರವಣಿಗೆ, ಹೆಸರು, ವಾಪಸ್ ತಿಳಿಸುವುದು

ಸಂಶೋಧನಾ ಲೇಖನದ ಲೇಖಕರ ಪಟ್ಟಿಯಲ್ಲಿ ಪಾಲುದಾರರ ಹೆಸರು ಬರಬಹುದಾ? ಬರಬಹುದು. ವೈದ್ಯಕೀಯ ಪತ್ರಿಕೆಗಳ ಸಂಪಾದಕರ ಅಂತರರಾಷ್ಟ್ರೀಯ ಸಮಿತಿ ನಾಲ್ಕು ಷರತ್ತು ಇಟ್ಟಿದೆ: ಕೆಲಸದಲ್ಲಿ ಗಣನೀಯ ಪಾಲು, ಬರೆಯುವುದರಲ್ಲಿ ಅಥವಾ ವಿಮರ್ಶಿಸಿ ತಿದ್ದುವುದರಲ್ಲಿ ಪಾಲು, ಕೊನೆಯ ಪ್ರತಿಗೆ ಒಪ್ಪಿಗೆ, ಹೊಣೆ ಹೊರುವುದು. ಪದವಿ ಇರಬೇಕು ಎಂದು ಎಲ್ಲೂ ಹೇಳಿಲ್ಲ. ಇಂಗ್ಲಿಷ್ ಬಾರದವರಿಗೆ ಪ್ರತಿಯನ್ನು ಕನ್ನಡದಲ್ಲಿ ಪೂರ್ತಿ ಓದಿ ಹೇಳಿ, ಅವರು ತಿದ್ದಿಸಿದ್ದನ್ನು ಸೇರಿಸಿ, ಆಮೇಲೆ ಒಪ್ಪಿಗೆ ಕೇಳಿ. ಎರಡು ಮಧ್ಯಾಹ್ನ ಬೇಕಾಗುತ್ತದೆ. ಹೆಸರು ಹಾಕುವುದು ಬೇಡ ಎನ್ನುವವರೂ ಇರುತ್ತಾರೆ. ಕಾಯಿಲೆ ಊರಿಗೆಲ್ಲ ಗೊತ್ತಾಗುವುದು ಅವರಿಗೆ ಬೇಕಿರುವುದಿಲ್ಲ.

ರೋಗಿಗಳ ಪಾತ್ರವನ್ನು ವರದಿ ಮಾಡಲು 2017ರಲ್ಲಿ ಬಂದ ಗ್ರಿಪ್-2 ಎಂಬ ಪಟ್ಟಿ ಇದೆ. ಅದರ ಚಿಕ್ಕ ರೂಪದಲ್ಲಿ ಐದೇ ಅಂಶ: ಯಾಕೆ ಕರೆದಿರಿ, ಹೇಗೆ ಮಾಡಿದಿರಿ, ಏನು ಬದಲಾಯಿತು, ಅದರ ಪರಿಣಾಮ ಏನು, ಎಲ್ಲಿ ಎಡವಿದಿರಿ. ನಿಮ್ಮ ನೋಟ್‌ಬುಕ್ ಸರಿಯಾಗಿ ಇಟ್ಟಿದ್ದರೆ ಇದು ಒಂದು ಗಂಟೆಯ ಕೆಲಸ. ಐದನೆಯದನ್ನು ಎಲ್ಲರೂ ಹಾರಿಸುತ್ತಾರೆ. ಮೆಟ್ಟಿಲಿನ ಕಥೆಯನ್ನು ನಾನು ಬರೆದಿದ್ದು ಅಲ್ಲೇ.

ಫಲಿತಾಂಶ ವೈದ್ಯಕೀಯ ಪತ್ರಿಕೆಯಲ್ಲಿ ಬರುವುದಕ್ಕೆ ವರ್ಷ ಹಿಡಿಯಬಹುದು. ಅಷ್ಟು ಕಾಯಬೇಡಿ. ಒಂದು ಹಾಳೆಯ ಕನ್ನಡ ಸಾರಾಂಶವನ್ನು ಪಾಲುದಾರರ ಕೈಲೇ ಬರೆಸಿ, ಡ್ರೆಸ್ಸಿಂಗ್ ಕೋಣೆಯ ಹೊರಗಿನ ಗೋಡೆಗೆ ಅಂಟಿಸಿ. ಓದಲು ಬಾರದವರಿಗೆ ಎರಡು ನಿಮಿಷದ ಆಡಿಯೋ ಮಾಡಿ. ಪ್ರಕಟಣೆಗೆ ಮುಂಚೆ ಎಷ್ಟು ಹೇಳಬಹುದು ಎಂದು ಪತ್ರಿಕೆಯ ನಿಯಮ ಮಾತ್ರ ನೋಡಿಕೊಳ್ಳಿ.

ಹಂತ 10: ಬಿಟ್ಟು ಹೋದಾಗ, ಆಸ್ಪತ್ರೆ ಸೇರಿದಾಗ

ಪಾಲುದಾರರು ರೋಗಿಗಳು. ಅವರಿಗೆ ಹುಷಾರು ತಪ್ಪುತ್ತದೆ. ಅಧ್ಯಯನದ ನಡುವೆ ಒಬ್ಬರಿಗೆ ಮತ್ತೆ ಶಸ್ತ್ರಚಿಕಿತ್ಸೆ ಆಗಬಹುದು, ಒಬ್ಬರು ತೀರಿಕೊಳ್ಳಬಹುದು. ಇದನ್ನು ಮೊದಲ ದಿನವೇ ಯೋಚಿಸಿ ಇಡಿ. ಆಸ್ಪತ್ರೆ ಸೇರಿದ ತಿಂಗಳ ಗೌರವಧನ ನಿಲ್ಲಿಸುತ್ತೀರಾ? ನಾವು ನಿಲ್ಲಿಸುವುದಿಲ್ಲ ಎಂದು ಒಪ್ಪಂದದಲ್ಲೇ ಬರೆದಿದ್ದೇವೆ. ಯಾರು ಹೋಗಿ ನೋಡಿಕೊಂಡು ಬರುತ್ತಾರೆ? ಸಭೆಯಲ್ಲಿ ಉಳಿದವರಿಗೆ ಯಾರು ತಿಳಿಸುತ್ತಾರೆ? ಸಾವಿನ ಸುದ್ದಿಯನ್ನು ವಾಟ್ಸಾಪ್‌ನಲ್ಲಿ ಹಾಕಬೇಡಿ, ಒಬ್ಬೊಬ್ಬರಿಗೂ ಫೋನ್ ಮಾಡಿ. ಅದೇ ಕಾಯಿಲೆ ಅವರಿಗೂ ಇದೆ.

ಅಧ್ಯಯನ ಮುಗಿದಾಗ ಕೊನೆಯ ಕಂತು ಕೈ ಸೇರಿದೆಯಾ ಎಂದು ನೋಡಿ. ಗ್ರೂಪ್ ಮುಚ್ಚುವ ಮುಂಚೆ ಯಾವ ದಿನ ಮುಚ್ಚುತ್ತೇವೆ, ಆಮೇಲೆ ಯಾರಿಗೆ ಫೋನ್ ಮಾಡಬಹುದು ಎಂದು ಹೇಳಿ. ನಮ್ಮ ಗ್ರೂಪ್ ಮುಚ್ಚಿ ಎಷ್ಟೋ ದಿನವಾಯಿತು. ಕೊಟ್ಟಿಗೆಯ ಮಾತು ಹೇಳಿದ ಅಮ್ಮ ಈಗಲೂ ಹಬ್ಬಕ್ಕೆ ಫೋನ್ ಮಾಡುತ್ತಾರೆ. ಮೊನ್ನೆ ಮಾಡಿದಾಗ ಕೇಳಿದರು, "ಮುಂದಿನದು ಯಾವಾಗ ಶುರು ಮಾಡ್ತೀರಿ? ಈ ಸಲ ಕಣ್ಣಿಂದು ಮಾಡಿ, ನಮ್ಮ ಕೇರೀಲಿ ಮೂರು ಜನಕ್ಕೆ ಮಂಜಾಗ್ತಿದೆ."

ಅರ್ಜಿ ಇನ್ನೂ ಬರೆದಿಲ್ಲ. ಅವರ ಮಾತನ್ನು ನೋಟ್‌ಬುಕ್ಕಿನ ಹೊಸ ಪುಟದಲ್ಲಿ, ಎಡಗಡೆ, ದಿನಾಂಕ ಹಾಕಿ ಬರೆದುಕೊಂಡಿದ್ದೇನೆ.